‘ನೆಕ್ಸ್ಟ್’ ಅನ್ನುವ ಮೊದಲು

ಸಾಗರ ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಜೊತೆಗೊಂದು ಫೋಟೋ ಇಟ್ಟಿದ್ದಾರೆ. ಪತ್ರದ ಸಾರ ಇಷ್ಟು:

“ನಿವೃತ್ತಿಯಾದ ಮೇಲೆ ಕ್ಯಾಮೆರಾ ಕೊಂಡೆ. ಪೇಟೆಯ ಫೋಟೋಗ್ರಫಿ ಕ್ಲಬ್ಬಿನ ಸಭೆಯಲ್ಲಿ ಈ ಚಿತ್ರ ತೋರಿಸಿದೆ. ಹಿರಿಯರೊಬ್ಬರು ‘ಕ್ಯಾಮೆರಾ ಶೇಕ್ ಆಗಿದೆ, ಲೈಟ್ ಬರ್ನ್ ಆಗಿದೆ, ನೆಕ್ಸ್ಟ್’ ಅಂದರು. ಆಮೇಲೆ ಬಂದದ್ದು ಸ್ಟುಡಿಯೋ ಇಟ್ಟವರ ಚಿತ್ರ. ಎಲ್ಲರೂ ಚಪ್ಪಾಳೆ ಹೊಡೆದರು. ಯಾಕೆ ಚೆನ್ನಾಗಿದೆ ಅಂತ ಒಬ್ಬರೂ ಹೇಳಲಿಲ್ಲ. ನಿಮ್ಮ ಪತ್ರಿಕೆಯಲ್ಲಿ ಇದರ ಉಲ್ಟಾ. ಹವ್ಯಾಸಿಗಳ ಬೆನ್ನು ತಟ್ಟುತ್ತೀರಿ, ಮದುವೆ ಫೋಟೋಗ್ರಾಫರ್ ಒಬ್ಬರನ್ನು ಮಾತ್ರ ಮೊನ್ನೆ ಚೆನ್ನಾಗಿ ಜಾಡಿಸಿದ್ದೀರಿ. ಇದು ಯಾವ ನ್ಯಾಯ?”

ಮೇಷ್ಟ್ರೇ,

ಮೊದಲು ನಿಮ್ಮ ಫೋಟೋ ನೋಡೋಣ. ಮೂರು ದಿನದಿಂದ ನನ್ನ ಮೇಜಿನ ಮೇಲೇ ಇದೆ.

ರಾತ್ರಿ. ಅಂಗಳದಲ್ಲಿ ಮೂವರು ಹೆಂಗಸರು ಮೆಟ್ಟುಗತ್ತಿಯ (ಅಲಗು ಜೋಡಿಸಿದ ಮಣೆ) ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಮೇಲೆ ಟ್ಯೂಬ್‌ಲೈಟು, ಒಳಗಿನಿಂದ ಬಲ್ಬಿನ ಹಳದಿ ಬೆಳಕು. ಕೈಗಳು ಮಸುಕಾಗಿವೆ. ಕತ್ತಿಯ ಅಲಗು ಮಾತ್ರ ಗೆರೆ ಎಳೆದ ಹಾಗೆ ಸ್ಪಷ್ಟ. ಹಿಂದಿನ ಕಂಬವೂ ಸ್ಪಷ್ಟ. ಚಿತ್ರದ ಹಿಂದೆ ನೀವು ಪೆನ್ಸಿಲ್ಲಿನಲ್ಲಿ ಬರೆದಿದ್ದೀರಿ: 1/8 ಸೆಕೆಂಡ್, ಐಎಸ್‌ಒ 1600, ಮೊಣಕೈ ಕಟ್ಟೆಗೆ ಊರಿ ತೆಗೆದದ್ದು. ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ (ಐಎಸ್‌ಒ) ಹೆಚ್ಚಿಸಿ, ಷಟರನ್ನು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತು ತೆರೆದಿಟ್ಟಿದ್ದೀರಿ. ಅಷ್ಟರಲ್ಲಿ ಅಲುಗಿದ್ದೆಲ್ಲ ಮಸುಕಾಗುತ್ತದೆ.

ಕ್ಯಾಮೆರಾ ಅಲುಗಾಡಿದ್ದರೆ ಅಲಗು ಹೇಗೆ ಸ್ಪಷ್ಟವಾಗಿ ಬರುತ್ತಿತ್ತು? ಕಂಬವೂ ಕಲಸಿಹೋಗಬೇಕಿತ್ತು ಅಲ್ವಾ? ಅಲುಗಾಡಿದ್ದು ಕೈಗಳು, ಅದೂ ಕೆಲಸದ ವೇಗಕ್ಕೆ. ಹಾಗಾಗಿ ಹಿರಿಯರ ಟೀಕೆ ಕಟು ಅನ್ನುವುದಕ್ಕಿಂತ ಮೊದಲು ಅದು ತಪ್ಪು. ಇನ್ನೊಂದು ಅರ್ಧ ನಿಮಿಷ ನೋಡಿದ್ದರೆ ಅವರಿಗೇ ಗೊತ್ತಾಗುತ್ತಿತ್ತು. ನನಗಂತೂ ಆ ಮಸುಕಾದ ಕೈಗಳೇ ಈ ಚಿತ್ರದ ಜೀವ. 1/250 ಸೆಕೆಂಡಿನಲ್ಲಿ ಫ್ಲ್ಯಾಶ್ ಹಾಕಿ ತೆಗೆದಿದ್ದರೆ ಮೂವರೂ ಸುಮ್ನೆ ಅಡಿಕೆ ಹಿಡಿದುಕೊಂಡು ಕೂತ ಹಾಗೆ ಕಾಣುತ್ತಿತ್ತು.

ಟ್ಯೂಬ್‌ಲೈಟ್ ಬೆಳ್ಳಗೆ ಸುಟ್ಟಿರುವುದು ನಿಜ. ಅದು ದೀಪ. ಸುಡಲಿ ಬಿಡಿ.

ಈಗ ನನ್ನ ತಕರಾರು. ನೀವು ನಿಂತು ತೆಗೆದಿದ್ದೀರಿ. ಕೂತವರನ್ನು ನಿಂತು ತೆಗೆದರೆ ನೆತ್ತಿ ಕಾಣುತ್ತದೆ, ಮುಖ ಕಾಣುವುದಿಲ್ಲ. ಎಡಗಡೆಯ ಅಜ್ಜಿಯದಂತೂ ಬೈತಲೆ ಬಿಟ್ಟರೆ ನಮಗೆ ಏನೂ ಸಿಕ್ಕಿಲ್ಲ. ಒಂದು ಮಣೆ ಹಾಕಿಕೊಂಡು ಅವರ ಎದುರಿಗೇ ಕೂತಿದ್ದರೆ ಚಿತ್ರವೇ ಬೇರೆಯಾಗುತ್ತಿತ್ತು. ಎರಡನೆಯದು, ಬಲಗಡೆ ಅಂಚಿನಲ್ಲಿ ಅರ್ಧ ಕತ್ತರಿಸಿದ ನೀಲಿ ಪ್ಲಾಸ್ಟಿಕ್ ಕುರ್ಚಿ. ಹಳದಿ ಬೆಳಕಿನ ಮಧ್ಯೆ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಕ್ಯಾಮೆರಾವನ್ನು ಒಂದು ಚೂರು ಎಡಕ್ಕೆ ತಿರುಗಿಸಿದ್ದರೆ ಸಾಕಿತ್ತು, ಅಥವಾ ಕುರ್ಚಿ ಎತ್ತಿಡಿ ಅಂತ ಯಾರಿಗಾದರೂ ಹೇಳಬಹುದಿತ್ತು. ಅದು ನಿಮ್ಮ ಮನೆಯ ಕುರ್ಚಿಯೇ ಇರಬೇಕು!

ಈ ‘ನೆಕ್ಸ್ಟ್’ ಅನ್ನುವ ಚಾಳಿ ಎಲ್ಲಿಂದ ಬಂತು ಅಂತ ನನಗೊಂದು ಗುಮಾನಿ ಇದೆ. ಸಲಾನ್‌ಗಳಿಂದ. ಹೇರ್ ಕಟಿಂಗ್ ಸಲೂನಲ್ಲ, ಫೋಟೋ ಸ್ಪರ್ಧೆಯ ಸಲಾನ್. ಫೋಟೋಗ್ರಫಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್ ಶುರುವಾಗಿದ್ದು 1950ರಲ್ಲಿ, ನಮ್ಮ ದೇಶದ ಫೆಡರೇಶನ್ 1953ರಲ್ಲಿ. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರದ್ದು. ಕರ್ನಾಟಕದ ಎಷ್ಟೋ ಒಳ್ಳೆಯ ಛಾಯಾಗ್ರಾಹಕರು ಇಂಥ ಸಂಘಗಳಲ್ಲೇ ಪಳಗಿದವರು. ನಾನು ಅದನ್ನು ಹಳಿಯುತ್ತಿಲ್ಲ. ಆದರೆ ಸಲಾನಿನಲ್ಲಿ ಸಾವಿರಗಟ್ಟಲೆ ಚಿತ್ರ ಬರುತ್ತವೆ. ಸಾಮಾನ್ಯವಾಗಿ ಮೂವರು ತೀರ್ಪುಗಾರರು. ಪರದೆ ಮೇಲೆ ಒಂದು ಚಿತ್ರ ಕೆಲವೇ ಸೆಕೆಂಡ್ ನಿಲ್ಲುತ್ತದೆ, ಅಷ್ಟರಲ್ಲಿ ಅಂಕ ಕೊಡಬೇಕು. ಅಲ್ಲಿ ಅದು ಅನಿವಾರ್ಯ. ಅದೇ ಅಭ್ಯಾಸವನ್ನು ಇಪ್ಪತ್ತು ಜನ ಚಹಾ ಕುಡಿಯುತ್ತಾ ಕೂತ ಸಭೆಗೆ ತಂದರೆ? ನೀವು ಎಷ್ಟೋ ವರ್ಷ ಉತ್ತರಪತ್ರಿಕೆ ತಿದ್ದಿದವರು. ವ್ಯಾಲ್ಯುಯೇಶನ್ ಸೆಂಟರಿನಲ್ಲಿ ಹಾಕಿದ ಅಂಕಕ್ಕೂ ಕ್ಲಾಸಿನಲ್ಲಿ ಹುಡುಗನ ಪಕ್ಕ ಕೂತು ತಿದ್ದಿದ ಪ್ರಬಂಧಕ್ಕೂ ಇರುವ ವ್ಯತ್ಯಾಸ ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಚಪ್ಪಾಳೆಯೂ ಅದೇ ಜಾತಿ. ಕಾರಣ ಇಲ್ಲದ ಹೊಗಳಿಕೆ ಮನೆಗೆ ಹೋಗುವಷ್ಟರಲ್ಲಿ ಆರಿಹೋಗುತ್ತದೆ. ಆ ಸ್ಟುಡಿಯೋದವರಿಗೂ ಅವತ್ತು ಏನೂ ಸಿಗಲಿಲ್ಲ.

ಇನ್ನು ನಮ್ಮ ಮೇಲಿನ ದೂರು. ಅರ್ಧ ಒಪ್ಪುತ್ತೇನೆ.

ಆ ಮದುವೆ ಚಿತ್ರದ ಬಗ್ಗೆ ನಾನು ಎರಡು ಮಾತು ಬರೆದಿದ್ದೆ. ಒಂದು, ತಾಳಿ ಕಟ್ಟುವ ಕ್ಷಣದಲ್ಲಿ ಮದುಮಗಳ ಹಿಂದೆ ವಿಡಿಯೋದವರ ಲೈಟು ಮತ್ತು ಯಾರದೋ ಕೈ ಇದೆ, ‘ಹಿನ್ನೆಲೆ ಗಮನಿಸದ ಅಜಾಗರೂಕತೆ’ ಅಂತ. ಪತ್ರಿಕೆ ಬಂದ ವಾರವೇ ಆ ಫೋಟೋಗ್ರಾಫರ್ ಫೋನ್ ಮಾಡಿದರು. ಜಗಳ ಆಡಲಿಲ್ಲ. “ಸಾರ್, ಗಟ್ಟಿಮೇಳ ಅಂದ ತಕ್ಷಣ ಇಡೀ ಚೌಟ್ರಿ ಅಕ್ಷತೆ ಹಿಡಕೊಂಡು ಸ್ಟೇಜಿಗೆ ನುಗ್ಗುತ್ತೆ. ನನಗೆ ಸಿಗೋದು ಒಂದೇ ಸಂದಿ. ಇನ್ನೊಂದು ಸಲ ಕಟ್ಟಿ ಅನ್ನೋಕಾಗುತ್ತಾ?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ದುಡ್ಡು ಕೊಟ್ಟವರಿಗೆ ಬೇಕಾದದ್ದು ಆ ಕ್ಷಣ. ಅದನ್ನು ಅವರು ಹಿಡಿದುಕೊಟ್ಟಿದ್ದರು. ನಾನು ಏಸಿ ರೂಮಿನಲ್ಲಿ ಕೂತು ಹಿನ್ನೆಲೆ ನೋಡಿದ್ದೆ. ಆ ಮಾತನ್ನು ಇಲ್ಲೇ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ.

ಎರಡನೆಯ ಮಾತನ್ನು ತೆಗೆದುಕೊಳ್ಳುವುದಿಲ್ಲ. ಹುಡುಗಿಯ ಮುಖವನ್ನು ಕಂಪ್ಯೂಟರಿನಲ್ಲಿ ಎರಡು ಪಟ್ಟು ಬೆಳ್ಳಗೆ ಮಾಡಿದ್ದರು. ಮುಖ ಗೋಧಿ ಹಿಟ್ಟಿನ ಬಣ್ಣ, ಕೈ ಅವಳ ಸ್ವಂತ ಬಣ್ಣ. ಅದಕ್ಕೆ ನೂಕುನುಗ್ಗಲು ಕಾರಣ ಅಲ್ಲ. ಸಾವಕಾಶವಾಗಿ ಕೂತು ಮಾಡಿದ ಕೆಲಸ. ‘ಮನೆಯವರೇ ಹಾಗೆ ಕೇಳ್ತಾರೆ ಸಾರ್’ ಅಂದರು. ಕೇಳುತ್ತಾರೆ, ನಿಜ. ಆದರೂ ಕಸುಬು ಗೊತ್ತಿರುವವರು ಒಂದು ಸಲವಾದರೂ ಬೇಡ ಅನ್ನಬೇಕು ಅಂತ ನನ್ನ ಹಟ.

ಹಾಗಾದರೆ ಕಸುಬಿನವರಿಗೆ ಜಾಸ್ತಿ ಪೆಟ್ಟು, ಹವ್ಯಾಸಿಗೆ ಕಡಿಮೆಯೇ? ಪೆಟ್ಟಿನ ಲೆಕ್ಕ ಬಿಡಿ, ಕೇಳುವ ಪ್ರಶ್ನೆ ಬೇರೆ. ಹವ್ಯಾಸಿಯನ್ನು ‘ನಿಮಗೆ ಏನು ತೋರಿಸಬೇಕಿತ್ತು?’ ಅಂತ ಕೇಳಬೇಕು. ಕಸುಬಿನವರನ್ನು ‘ಯಾರಿಗೆ, ಯಾವ ಕೆಲಸಕ್ಕೆ ತೆಗೆದದ್ದು?’ ಅಂತ. ಸುದ್ದಿ ಚಿತ್ರ, ಕಾಡಿನ ಚಿತ್ರ ಆದರೆ ಇನ್ನೂ ಒಂದು ಪ್ರಶ್ನೆ ಇದೆ: ಇದು ನಿಜವೇ?

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಛಾಯಾಗ್ರಹಣ ಸ್ಪರ್ಧೆಯಲ್ಲಿ 2009ರ ಮೊದಲ ಬಹುಮಾನ ಬಂದದ್ದು ಮರದ ಗೇಟು ಹಾರುತ್ತಿರುವ ಸ್ಪೇನಿನ ತೋಳದ ಚಿತ್ರಕ್ಕೆ. ಬೆಳಕು, ಕ್ಷಣ, ಚೌಕಟ್ಟು, ಯಾವುದರಲ್ಲೂ ಕೊರತೆ ಹುಡುಕುವ ಹಾಗಿರಲಿಲ್ಲ. ತೋಳ ಬಲ್ಲವರು ಮಾತ್ರ ಬೇರೆ ಪ್ರಶ್ನೆ ಎತ್ತಿದರು. ಕಾಡಿನ ತೋಳ ಗೇಟಿನ ಸಂದಿಯಲ್ಲಿ ನುಸುಳುತ್ತದೆ, ಹಾರುವುದು ಯಾಕೆ? ಮ್ಯಾಡ್ರಿಡ್ ಹತ್ತಿರದ ಒಂದು ಪ್ರಾಣಿ ಪಾರ್ಕಿನ ಪಳಗಿದ ತೋಳಕ್ಕೂ ಇದಕ್ಕೂ ಮೈಬಣ್ಣದ ಗುರುತು ಹೋಲುತ್ತಿದೆ ಅನ್ನುವ ಮಾತೂ ಬಂತು. ಛಾಯಾಗ್ರಾಹಕರು ಆರೋಪ ಒಪ್ಪಲಿಲ್ಲ. 2010ರ ಜನವರಿಯಲ್ಲಿ ತೀರ್ಪುಗಾರರು ಚಿತ್ರವನ್ನು ಅನರ್ಹಗೊಳಿಸಿದರು. ಕ್ಯಾಮೆರಾ ಗೊತ್ತಿದ್ದವರ ಕಣ್ಣು ತಪ್ಪಿಸಿಕೊಂಡದ್ದು ತೋಳ ಗೊತ್ತಿದ್ದವರ ಕಣ್ಣಿಗೆ ಬಿತ್ತು.

ಅದಕ್ಕೇ ಒಂದು ಕೆಲಸ ಹೇಳುತ್ತೇನೆ ಮೇಷ್ಟ್ರೇ. ಈ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಆ ಮೂವರಿಗೂ ತೋರಿಸಿ. ಅಡಿಕೆ ಸುಲಿಯುವ ಕೈ ಹೀಗೇ ಇರುತ್ತದೋ ಇಲ್ಲವೋ, ಅವರಿಗಿಂತ ಚೆನ್ನಾಗಿ ಹೇಳುವವರು ಯಾವ ಕ್ಲಬ್ಬಿನಲ್ಲೂ ಸಿಗುವುದಿಲ್ಲ. ಅವರು ಒಪ್ಪಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ನೀಲಿ ಕುರ್ಚಿಯ ಸಮೇತ. ಈ ಸಲದ ಕೊಯ್ಲಿಗೆ ಮಣೆ ಹಾಕಿಕೊಂಡು ಕೂತು ಇನ್ನೊಂದು ತೆಗೆದು ಕಳಿಸಿ.

ಬಲಗಡೆಯ ಹೆಂಗಸು ತಲೆ ತಗ್ಗಿಸಿಕೊಂಡೇ ನಗುತ್ತಿರುವ ಹಾಗಿದೆ. ಯಾರು ಏನಂದಿದ್ದರು? ಅದನ್ನೂ ಕೇಳಿ ಬರೆಯಿರಿ.

— ಸಂ.