ಅಮೆರಿಕದಿಂದ ತಂದ ಫೋನಲ್ಲಿ ಆಪರೇಟರ್ (ಅಲ್ಲಿಯ ಸಿಮ್ ಕಂಪನಿ) ಆಪ್‌ಗಳೇ ತುಂಬಿ ‘ಸ್ಟೋರೇಜ್ ಸಾಲದು’ ಅಂತ ಬರ್ತದೆ, ಫ್ಯಾಕ್ಟರಿ ರಿಸೆಟ್ ಮಾಡಿದ್ರೆ ಸರಿಯಾಗ್ತದಾ?

ಫೋನಲ್ಲಿ ನೀವು ಹಾಕಿದ್ದನ್ನೆಲ್ಲ ಅಳಿಸುವ ಆ ರಿಸೆಟ್ ಒಂದು ಮಾತ್ರ ಈಗ ಮಾಡ್ಬೇಡಿ ಮಾರಾಯ್ರೆ. ಮೆಮೊರಿ ಕಾರ್ಡ್ ಬೇರೆ ಹಾಕಿದ್ದೀರಿ ಅಂತ ಬರೆದಿದ್ದೀರಲ್ಲ, ಅದನ್ನು ಓದಿಯೇ ನನಗೆ ಹೆದರಿಕೆ ಆದದ್ದು.

ಭಾವ ಊರಿಗೆ ಬಂದಾಗ ಅವರ ಹಳೇ 16 ಜಿಬಿ ಫೋನ್ ನನಗೆ ಕೊಟ್ಟು ಹೋಗಿದ್ರು, ಅಲ್ಲಿಯ ಒಂದು ಆಪರೇಟರ್‌ನದ್ದು, ಅನ್‌ಲಾಕ್ ಮಾಡಿಸಿದ್ದು, ಆಂಡ್ರಾಯ್ಡ್ 6. ಆನ್ ಮಾಡಿದ ಕೂಡ್ಲೆ ಆಪರೇಟರ್‌ನ ಲೋಗೊ, ಒಳಗೆ ಅವರ ಬಿಲ್ ಕಟ್ಟುವ ಆಪ್, ಅವರ ಟಿವಿ, ಅವರ ಮ್ಯಾಪ್. ಕಾಸರಗೋಡಿನ ಬದಿಯಡ್ಕದಲ್ಲಿ ಕೂತವನಿಗೆ ಅದೆಲ್ಲ ಎಂತಕ್ಕೆ? ಸಿಮ್ ಇಲ್ಲಿಯದ್ದಾದ್ರೂ ಹಾಟ್‌ಸ್ಪಾಟ್ ಒತ್ತಿದ್ರೆ ‘ನಿಮ್ಮ ಪ್ಲಾನ್‌ನಲ್ಲಿ ಇದು ಇಲ್ಲ’ ಅಂತ ಬರ್ತಿತ್ತು! ಯಾವುದಕ್ಕೂ ಅನ್‌ಇನ್‌ಸ್ಟಾಲ್ ಬಟನ್ನೇ ಇಲ್ಲ, ಇತ್ಲಾಗಿ ವಾಟ್ಸಾಪ್ ಅಪ್‌ಡೇಟ್ ಮಾಡುವ ಅಂದ್ರೆ ಜಾಗ ಸಾಲದು.

ಅಂಗಡಿಯಿಂದ 32 ಜಿಬಿ ಕಾರ್ಡ್ ತಂದು ಹಾಕಿದೆ. ಹಾಕಿದ ಕೂಡ್ಲೆ ಫೋನ್ ಕೇಳಿತು, ಪೋರ್ಟಬಲ್ ಸ್ಟೋರೇಜಾ, ಇಂಟರ್ನಲ್ ಸ್ಟೋರೇಜಾ ಅಂತ. ಇಂಟರ್ನಲ್ ಅಂದ್ರೆ ಜಾಗ ಜಾಸ್ತಿ ಸಿಗ್ತದಲ್ಲ ಅಂತ ಅದನ್ನೇ ಒತ್ತಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಸ್ಕ್ರೀನ್ ಮೇಲೆ ಯಾರೂ ಹೇಳುದಿಲ್ಲ. ಇಂಟರ್ನಲ್ ಅಂತ ಒತ್ತಿದ್ರೆ ಕಾರ್ಡನ್ನು ಫೋನ್ ತನ್ನದೇ ಮಾಡಿಕೊಳ್ತದೆ, ಪೂರ್ತಿ ಎನ್‌ಕ್ರಿಪ್ಟ್ ಮಾಡ್ತದೆ, ಅಂದ್ರೆ ಬೇರೆಲ್ಲೂ ಓದ್ಲಿಕ್ಕೆ ಆಗದ ಹಾಗೆ ಬೀಗ ಹಾಕ್ತದೆ, ಆ ಬೀಗದ ಕೀ ಇರುವುದು ಕಾರ್ಡಲ್ಲಿ ಅಲ್ಲ, ಫೋನಿನ ಒಳಗಿನ ಡೇಟಾ ಪಾರ್ಟಿಷನ್‌ನಲ್ಲಿ, ಅಂದ್ರೆ ನಿಮ್ಮ ಆಪ್, ಫೈಲ್ ಎಲ್ಲ ಕೂರುವ ಭಾಗದಲ್ಲಿ. ಫ್ಯಾಕ್ಟರಿ ರಿಸೆಟ್ ಅಳಿಸುವುದು ಸರೀ ಅದೇ ಪಾರ್ಟಿಷನನ್ನು. ಅಂದ್ರೆ ಕಾರ್ಡನ್ನು ಯಾರೂ ಮುಟ್ಟಿರುದಿಲ್ಲ, ಫೈಲ್‌ಗಳು ಅದರಲ್ಲೇ ಉಂಟು, ಆದ್ರೆ ಕೀ ಹೋಯ್ತು. ಕಂಪ್ಯೂಟರಿಗೆ ಹಾಕಿದ್ರೆ ‘ಫಾರ್ಮ್ಯಾಟ್ ಮಾಡ್ಬೇಕಾ’ ಅಂತ ಕೇಳ್ತದೆ, ಅಷ್ಟೇ. ಇದು ಗೊತ್ತಿಲ್ಲದೆ ನಾನು ರಿಸೆಟ್ ಮಾಡಿಬಿಟ್ಟೆ, ದೊಡ್ಡ ಮಾವ ಅರ್ಥ ಹೇಳಿದ ಮಳೆಗಾಲದ ತಾಳಮದ್ದಳೆಗಳ ರೆಕಾರ್ಡಿಂಗ್ ಎಲ್ಲ ಅದರಲ್ಲೇ ಇತ್ತು. ರಿಕವರಿ ಸಾಫ್ಟ್‌ವೇರ್ ಮಾರುವವರು ಬರ್ತದೆ ಬರ್ತದೆ ಅಂತಾರೆ, ಬರುದಿಲ್ಲ, ದುಡ್ಡು ಹಾಕ್ಬೇಡಿ.

ಅಷ್ಟೆಲ್ಲ ಕಳ್ಕೊಂಡ ಮೇಲೆ ಫೋನ್ ಆನ್ ಆದಾಗ ಮೊದಲು ಕಂಡದ್ದು ಎಂತ ಗೊತ್ತುಂಟಾ? ಅದೇ ಲೋಗೊ, ಅದೇ ಬಿಲ್ ಕಟ್ಟುವ ಆಪ್.

ಆಪರೇಟರ್ ಆಪ್ ತೆಗೆದ್ರೆ ಜಾಗ ಆಗ್ತದೆ ಅಂತ ನೀವು ಹೇಳುದು ಅಲ್ಲೇ ತಪ್ಪುದು. ಫೋನ್ ಜತೆಗೇ ಬಂದ ಆಪ್‌ಗಳು ಹೆಚ್ಚಿನವು ಸಿಸ್ಟಮ್ ಪಾರ್ಟಿಷನ್‌ನಲ್ಲಿ, ಅಂದ್ರೆ ಆಂಡ್ರಾಯ್ಡ್ ಕೂತಿರುವ ಬೇರೆ ಭಾಗದಲ್ಲಿ ಇರ್ತವೆ, ರಿಸೆಟ್ ಅದನ್ನು ಮುಟ್ಟುವುದೇ ಇಲ್ಲ. ಕಂಪ್ಯೂಟರ್‌ಗೆ ಜೋಡಿಸಿ ಕಮಾಂಡ್ ಕೊಟ್ಟು ತೆಗೆದ್ರೂ ಕಣ್ಣಿಗೆ ಮರೆ ಆಗ್ತದೆ ಬಿಟ್ರೆ ಆ ಜಾಗ ನಿಮಗೆ ಬರುದಿಲ್ಲ. ನಿಮ್ಮ ಪಾಲು ತಿನ್ನುವುದು ಆ ಆಪ್‌ಗಳ ಅಪ್‌ಡೇಟ್ ಮತ್ತೆ ಅವು ಕೂಡಿಹಾಕಿದ ಡೇಟಾ, ಅದು ಡೇಟಾ ಪಾರ್ಟಿಷನ್‌ನಲ್ಲಿ ಕೂರುವುದು. ಆದ್ದರಿಂದ ಸೆಟ್ಟಿಂಗ್ಸ್‌ಗೆ ಹೋಗಿ ಒಂದೊಂದನ್ನೇ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಮಾಡಿ ಡಿಸೇಬಲ್ ಮಾಡಿ, ಅಷ್ಟು ಸಾಕು. ಮತ್ತೆ, 400 ಎಂಬಿ ಖಾಲಿ ಉಂಟು, ಆದ್ರೂ 60 ಎಂಬಿಯ ಆಪ್ ಇಳಿಯುದಿಲ್ಲ ಯಾಕೆ ಅಂತ ಕೇಳಿದ್ದೀರಿ. ಆಂಡ್ರಾಯ್ಡ್ ಸ್ವಲ್ಪ ಜಾಗ ತನಗೆ ಅಂತ ಇಟ್ಟುಕೊಳ್ತದೆ, ಜತೆಗೆ ಆಪ್ ಇಳಿಸಿ ಬಿಚ್ಚಿ ಕೂರಿಸ್ಲಿಕ್ಕೆ ಅದರ ಸೈಜಿಗಿಂತ ಜಾಸ್ತಿ ಬೇಕಾಗ್ತದೆ. ಗುಡ್ ಮಾರ್ನಿಂಗ್ ವಿಡಿಯೋಗಳನ್ನು ಅಳಿಸಿ, ಅರ್ಧ ತಲೆನೋವು ಅಲ್ಲೇ ಹೋಗ್ತದೆ.

ರೂಟ್ ಮಾಡಿ (ಫೋನಿನ ಪೂರ್ತಿ ಹಿಡಿತ ತೆಗೊಂಡು) ಬೇರೆ ರಾಮ್ (ROM, ಅಂದ್ರೆ ಬೇರೆ ಸಿಸ್ಟಮ್ ಸಾಫ್ಟ್‌ವೇರ್) ಹಾಕು ಅಂತ ಹುಡುಗರು ಹೇಳ್ತಾರೆ. ಅಮೆರಿಕದ ಆಪರೇಟರ್ ಫೋನ್‌ಗಳಲ್ಲಿ ಸುಮಾರಿನದ್ದಕ್ಕೆ ಫೋನ್ ಆನ್ ಆಗುವಾಗ ಸಿಸ್ಟಮನ್ನು ಎಬ್ಬಿಸುವ ಬೂಟ್‌ಲೋಡರೇ ಲಾಕ್, ಒಂದೇ ಹೆಸರಿನ ಇಂಡಿಯಾ ಮಾಡೆಲ್‌ನ ಸಾಫ್ಟ್‌ವೇರ್ ಇದಕ್ಕೆ ಹೊಂದುದಿಲ್ಲ, ಬಲವಂತ ಮಾಡಿದ್ರೆ ಫೋನ್ ಸತ್ತೇ ಹೋದೀತು. ನನ್ನನ್ನು ಕೇಳಿದ್ರೆ 16 ಜಿಬಿಯದ್ದನ್ನು ರೇಡಿಯೋ ಕೇಳ್ಲಿಕ್ಕೆ ಇಟ್ಟು, ಇಲ್ಲಿಯದ್ದೇ ಒಂದು ಸಾದಾ ಫೋನ್ ತೆಗೊಳ್ಳುದು ಒಳ್ಳೇದು.

ಮೊದಲು ಸ್ಟೋರೇಜ್ ಸೆಟ್ಟಿಂಗ್ಸ್ ತೆಗೆದು ಕಾರ್ಡ್ ಪೋರ್ಟಬಲ್ ಅಂತ ತೋರಿಸ್ತದಾ ಇಂಟರ್ನಲ್ ಅಂತ ತೋರಿಸ್ತದಾ ನೋಡಿ. ಇಂಟರ್ನಲ್ ಅಂತ ಇದ್ರೆ ಈಗಲೇ ಕೇಬಲ್ ಹಾಕಿ ಎಲ್ಲವನ್ನೂ ಕಂಪ್ಯೂಟರಿಗೆ ಕಾಪಿ ಮಾಡಿ. ಎಂತ ತೋರಿಸ್ತು ಅಂತ ಕೆಳಗೆ ಬರೀರಿ, ರಿಸೆಟ್ ವಿಷಯ ಆಮೇಲೆ ಮಾತಾಡುವ.