ಗುಳಿಗಿ ಬ್ಯಾಡ, ರೊಟ್ಟಿ ತರಿಸು

ನಾಲ್ಕು ವರ್ಷದ ಮಗನಿಗೆ ಐದು ದಿನದಿಂದ ನೆಗಡಿ, ಸಿಂಬಳ ಹಸಿರಾಗೈತಿ, ಜಿಪಿ (ಇಲ್ಲಿ ಇಂಗ್ಲೆಂಡಿನ ಫ್ಯಾಮಿಲಿ ಡಾಕ್ಟರು) ಬರೇ ಪ್ಯಾರಾಸಿಟಮಾಲ್ ಅಂದು ಕಳಿಸಿದ್ರು, ಹುಬ್ಬಳ್ಳಿಯಿಂದ ಬರೋ ಪಾರ್ಸಲ್‌ನ್ಯಾಗ ಆ್ಯಂಟಿಬಯೋಟಿಕ್ ತರಿಸಲೇನಕ್ಕಾ ಅಂತ ಕೇಳಿಯಲ್ಲ ತಂಗಿ, ತರಿಸಬ್ಯಾಡ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ತರಿಸು, ನಾನೂ ಪಾಲಿಗೆ ಬರ್ತೀನಿ.

ಇಂಗ್ಲೆಂಡಿಗೆ ಬಂದ ನಮ್ಮ ಕಡೆಯವರು ಮೊದಲನೇ ಚಳಿಗಾಲಕ್ಕ ಡಾಕ್ಟರು ಆ್ಯಂಟಿಬಯೋಟಿಕ್ ಕೊಡಲಿಲ್ಲಂತ ಸಿಟ್ಟು ಮಾಡ್ಕೋತಾರ. ನಮ್ಮಲ್ಲಿ ಓಣಿ ಮೂಲಿ ಮೆಡಿಕಲ್ ಶಾಪಿನ್ಯಾಗ ಗಂಟಲ ನೋವು ಅಂದ್ರ ಸಾಕು, ಸ್ಟ್ರಿಪ್ ಕತ್ತರಿಸಿ ಮೂರು ಅಜಿಥ್ರೋಮೈಸಿನ್ ಕೈಗೆ ಇಡ್ತಾರ. ಕಾಯ್ದೆ ಪ್ರಕಾರ ಅಲ್ಲೂ ಡಾಕ್ಟರ ಚೀಟಿ ಬೇಕು, ಕೇಳೋರ್ಯಾರು!

ನೆಗಡಿ ತರೋದು ವೈರಸ್, ಆ್ಯಂಟಿಬಯೋಟಿಕ್ ಕೊಲ್ಲೋದು ಬ್ಯಾಕ್ಟೀರಿಯಾ. ಹಸಿರು ಸಿಂಬಳ ನೋಡಿ ಗಾಬರಿ ಆಗಬ್ಯಾಡ, ಆ ಬಣ್ಣ ಬರೋದು ಬಿಳಿ ರಕ್ತಕಣದಾಗಿನ ಒಂದು ಕಿಣ್ವದಿಂದ, ವೈರಸ್ ಇದ್ರೂ ಬರ್ತೈತಿ. ಮೂರು ಗುಳಿಗಿಗೆ ಆರಾಮಾತು ಅಂತಾರಲ್ಲ, ಅಷ್ಟೊತ್ತಿಗೆ ನೆಗಡಿ ತಾನಾಗೇ ಇಳೀತಿರ್ತೈತಿ. ಗುಳಿಗಿಯಿಂದ ಭೇದಿ ಹತ್ತಿದ್ದಷ್ಟ ಲಾಭ.

ಇಲ್ಲಿ ಡಾಕ್ಟರು ದಿನ ಎಣಿಸ್ತಾರ. ಸಣ್ಣ ಮಕ್ಕಳ ನೆಗಡಿ ಎರಡು ವಾರ, ಕೆಮ್ಮು ಮೂರು ವಾರ ಎಳದ್ರೂ ಅವರಿಗೆ ಅದು ಮಾಮೂಲಿ. ದೊಡ್ಡವರ ಸೈನಸ್ ನೋವು 10 ದಿನ ದಾಟಿದ್ರೂ ಕಮ್ಮಿ ಆಗಲಿಲ್ಲ, ಇಲ್ಲಾ ಕಮ್ಮಿ ಆಗಿದ್ದು ತಿರುಗಿ ಜೋರಾತು ಅಂದ್ರ ಆ್ಯಂಟಿಬಯೋಟಿಕ್ ವಿಚಾರ ಮಾಡ್ತಾರ. ಗಂಟಲದ್ದು ಬ್ಯಾರೆ ಲೆಕ್ಕ. ಮೂಗು ಸೋರ್ತಿದ್ರ, ಕೆಮ್ಮಿದ್ರ ಹೆಚ್ಚಾಗಿ ವೈರಸ್ಸ. ಅವೆರಡೂ ಇಲ್ಲದ ಜ್ವರ ಬಂದು, ಟಾನ್ಸಿಲ್ ಮ್ಯಾಲ ಕೀವು ಕಂಡ್ರ ಸ್ಟ್ರೆಪ್ಟೋಕಾಕಸ್ ಅನ್ನೋ ಬ್ಯಾಕ್ಟೀರಿಯಾದ ಸಂಶಯ, ಆಗ ಪೆನಿಸಿಲಿನ್. ನ್ಯುಮೋನಿಯಾ ಅಂದ್ರಂತೂ ಆ್ಯಂಟಿಬಯೋಟಿಕ್‌ಗೆ ಹಿಂದಮುಂದ ನೋಡೂದಿಲ್ಲ. ನಿನ್ನ ಮಗನ ಎದಿ, ಕಿವಿ, ಗಂಟಲ ನೋಡೇ ಕಳಿಸ್ಯಾರಲ್ಲ, ಸಧ್ಯಕ್ಕ ಅದು ಸಾಕು.

ಪ್ರತಿ ಸಲ ಬೆಳಿಗ್ಗೆ 8ಕ್ಕ ಜಿಪಿಗೆ ಫೋನ್ ಹಚ್ಚಿ ಕೂಡಬ್ಯಾಡ. ಇಂಗ್ಲೆಂಡಿನ್ಯಾಗ 2024ರ ಜನವರಿ ಕೊನೀಗೆ ಫಾರ್ಮಸಿ ಫಸ್ಟ್ ಶುರು ಆಗೈತಿ, ಕೆಲವು ತ್ರಾಸಿಗೆ ಫಾರ್ಮಸಿಸ್ಟ್ ತಾವೇ ನೋಡಿ, ಬೇಕಂದ್ರ ಆ್ಯಂಟಿಬಯೋಟಿಕ್ ಕೊಡ್ತಾರ. ಕಿವಿನೋವು 1 ವರ್ಷದ ಕೂಸಿನಿಂದ ಹಿಡಿದು ನೋಡ್ತಾರ, ಗಂಟಲ ನೋವಿಗೆ 5 ತುಂಬಿರಬೇಕು. ಮಕ್ಕಳ ಔಷಧಕ್ಕ ರೊಕ್ಕ ಇಲ್ಲ. ಹಾಂ, ಪಾರ್ಸಲ್‌ನ್ಯಾಗ ನೆಗಡಿ ಸಿರಪ್ಪೂ ಬ್ಯಾಡ, 6 ವರ್ಷದ ಒಳಗಿನವರಿಗೆ ಇಲ್ಲಿ ಅಂಥಾವು ಮಾರೂದಿಲ್ಲ.

ಜ್ವರ 5 ದಿನ ಬಿಡಲಿಲ್ಲ ಅಂದ್ರ ತಿರುಗಿ ತೋರಿಸು. ನೀರು ಕುಡೀದ ಮಂಕಾಗಿ ಮಲಗಿದ್ರ ಹಗಲು ರಾತ್ರಿ ಅನ್ನದ ಆರೋಗ್ಯ ಸಲಹೆಯ ಫೋನ್ 111ಕ್ಕ ಹಚ್ಚು. ಉಸಿರಿಗೊಮ್ಮೆ ಪಕ್ಕೆಲುಬಿನ ನಡುವಿನ ಚರ್ಮ ಒಳಗ ಜಗ್ಗಿದ್ರ, ತುಟಿ ನೀಲಿ ಕಂಡ್ರ ನನಗ ಮೆಸೇಜ್ ಮಾಡ್ಕೋತ ಕೂಡಬ್ಯಾಡ, ಆ್ಯಂಬುಲೆನ್ಸಿಗೆ ಸೀದಾ 999.