ಸೀಟು ಹಿಂದಕ್ಕೆ ತಳ್ಳಿದ ಮಾತ್ರಕ್ಕೆ ಆಗಲ್ಲ: ಆರಡಿ ಐದಿಂಚಿನವರಿಗೆ ಡ್ರೈವಿಂಗ್ ಸೀಟ್ ಹೊಂದಿಸೋದು

ಪ್ರಶ್ನೆ: ಸರ್, ನನ್ನ ಹೈಟ್ 6 ಅಡಿ 5 ಇಂಚು. ವಾರಕ್ಕೆ ಮೂರು ಸಲ ತುಮಕೂರಿಂದ ಬೆಂಗಳೂರಿಗೆ ಓಡಾಟ, 2020ರ ಮ್ಯಾನ್ಯುಯಲ್ ಹ್ಯಾಚ್‌ಬ್ಯಾಕ್. ಸೀಟ್ ಕೊನೇವರೆಗೂ ತಳ್ಳಿದ್ರೂ ಕ್ಲಚ್ ಬಿಡುವಾಗ ಮಂಡಿ ಸ್ಟೀರಿಂಗ್‌ಗೆ ತಾಗುತ್ತೆ, ತಲೆ ರೂಫಿಗೆ ಒರೆಸುತ್ತೆ, ನೆಲಮಂಗಲ ಬರೋ ಹೊತ್ತಿಗೆ ಸೊಂಟ ಹಿಡ್ಕೊಂಡಿರುತ್ತೆ. ಸೀಟ್ ಹೈಟ್ ಲಿವರ್ ಇದೆ, ಸ್ಟೀರಿಂಗ್ ಮೇಲೆ ಕೆಳಗೆ ಮಾತ್ರ ಆಗುತ್ತೆ. ಇಲ್ಲೊಬ್ರು ವೆಲ್ಡಿಂಗ್ ಶಾಪ್‌ನವರು ಬೋಲ್ಟ್ ಬಿಚ್ಚಿ, ಕಬ್ಬಿಣದ ಪಟ್ಟಿ ಹಾಕಿ ಸೀಟ್ 3 ಇಂಚು ಹಿಂದಕ್ಕೆ ಕೂರಿಸ್ತೀನಿ, ಎರಡು ಗಂಟೆ ಕೆಲಸ ಅಂತಿದ್ದಾರೆ. ಮಾಡಿಸ್ಲಾ? ಲೋನ್ ಇರೋದ್ರಿಂದ ಕಾರು ಮಾರೋಕೆ ಆಗಲ್ಲ. ನನ್ನ ಹೆಂಡ್ತೀನೂ ಇದೇ ಕಾರು ಓಡಿಸ್ತಾಳೆ, ಅವಳು 5 ಅಡಿ 1.

ಉತ್ತರ: ಪಟ್ಟಿ ವಿಷ್ಯ ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಅದಕ್ಕೆ ಆಮೇಲೆ ಬರ್ತೀನಿ. ನೀವು ಮಂಡಿ ಹೇಳಿದ್ರಿ, ತಲೆ ಹೇಳಿದ್ರಿ, ಸೊಂಟ ಹೇಳಿದ್ರಿ, ಕೈ ಬಗ್ಗೆ ಒಂದು ಮಾತೂ ಇಲ್ಲ. ನನ್ನ ಹತ್ರ ಬರೋ ಉದ್ದದವರೆಲ್ಲ ಹೀಗೇನೇ. ಸೀಟ್ 3 ಇಂಚು ಹಿಂದಕ್ಕೆ ಹೋದ್ರೆ ಮಂಡಿಗೆ ಜಾಗ ಸಿಗುತ್ತೆ ನಿಜ, ಆದ್ರೆ ಸ್ಟೀರಿಂಗ್ ಎಲ್ಲಿತ್ತೋ ಅಲ್ಲೇ ಇರುತ್ತಲ್ಲ, ಅದನ್ನ ಹಿಡಿಯೋಕೆ ಬೆನ್ನನ್ನ ಸೀಟಿಂದ ಎತ್ತಿ ಮುಂದಕ್ಕೆ ಬಾಗ್ತೀರ, ಎಪ್ಪತ್ತು ಕಿಲೋಮೀಟರ್ ಹಾಗೇ ಬಾಗಿ ಕೂತ್ರೆ ಸೊಂಟ ಹಿಡೀದೆ ಇನ್ನೇನಾಗುತ್ತೆ. ಆಜಾನುಬಾಹು ಆಗಿದ್ರೆ ಬೇರೆ ಮಾತು. ನನ್ನ ಅಂದಾಜು ಏನಂದ್ರೆ, ಈಗ ಬರ್ತಿರೋ ಸೊಂಟ ನೋವಿಗೂ ಅರ್ಧ ಕಾರಣ ಇದೇ.

ಕಂಪನಿಯವರು ಸೀಟು, ಪೆಡಲ್, ಸ್ಟೀರಿಂಗ್ ಮೂರನ್ನೂ ಕುಳ್ಳಗಿರೋ ಹೆಂಗಸರಿಂದ ಹಿಡಿದು ಎತ್ತರದ ಗಂಡಸರವರೆಗೆ ಒಂದು ಲೆಕ್ಕ ಹಾಕಿ ಜೋಡಿಸಿರ್ತಾರೆ. ಆ ಲೆಕ್ಕದ ಮೇಲಿನ ತುದಿ ಅಂದ್ರೆ ನೂರರಲ್ಲಿ 95 ಗಂಡಸರನ್ನ ಒಳಗೆ ಹಾಕ್ಕೊಳ್ಳೋ ಅಳತೆ, ಕ್ರ್ಯಾಶ್ ಟೆಸ್ಟಿಗೆ ಬಳಸೋ ಆ ಸೈಜಿನ ಗೊಂಬೆ ಸುಮಾರು 6 ಅಡಿ 2 ಇಂಚು ಬರುತ್ತೆ. ಅದಕ್ಕಿಂತ ಉದ್ದ ಇರೋರಿಗೆ ಉತ್ತರ ನಮ್ಮೂರ ಬಸ್ಸಲ್ಲಿ ಹೇಳೋದೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ.

ಏನೇ ಮಾಡೋಕೆ ಮುಂಚೆ ನಿಮ್ಮನ್ನೇ ಒಂದ್ಸಲ ಅಳೀರಿ. ಗಟ್ಟಿ ಸ್ಟೂಲ್ ಮೇಲೆ ಗೋಡೆಗೆ ಬೆನ್ನು ಅಂಟಿಸಿ ನೆಟ್ಟಗೆ ಕೂತ್ಕೊಳಿ, ಸ್ಟೂಲಿನ ಮೇಲಿಂದ ನೆತ್ತಿವರೆಗೆ ಟೇಪ್ ಹಿಡಿಯೋಕೆ ಮನೆಯವರಿಗೆ ಹೇಳಿ. ಸಾಮಾನ್ಯವಾಗಿ ಇದು ನಮ್ಮ ಎತ್ತರದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ನಿಮ್ಮ 196 ಸೆಂಟಿಮೀಟರಿಗೆ ಹೆಚ್ಚುಕಮ್ಮಿ 102 ಬರಬೇಕು. 105 ದಾಟಿದ್ರೆ ನಿಮ್ಮ ಉದ್ದ ಎಲ್ಲ ಬೆನ್ನಲ್ಲಿದೆ, ಆಗ ಸೀಟ್ ಕೆಳಗಿಳಿಸಬೇಕೇ ಹೊರತು ಹಿಂದಕ್ಕೆ ತಳ್ಳಿ ಪ್ರಯೋಜನ ಇಲ್ಲ. 100ರ ಒಳಗಿದ್ರೆ ಕಾಲು ಉದ್ದ. ಒಂದೇ ಹೈಟಿನ ಇಬ್ರಿಗೆ ಒಂದೇ ಕಾರು ಒಬ್ರಿಗೆ ಸರಿಹೋಗಿ ಇನ್ನೊಬ್ರಿಗೆ ಆಗದೇ ಇರೋದು ಇದಕ್ಕೇ, ಹಾಗಾಗಿ ಫ್ರೆಂಡ್ ಹೇಳಿದ ಅಂತ ಏನೂ ಮಾಡಿಸಬೇಡಿ.

ಇನ್ನು ದುಡ್ಡು ಖರ್ಚಿಲ್ಲದ ಕೆಲಸಗಳು. ಸೀಟ್ ಕವರ್ ಹಾಕಿಸಿದ್ದೀರಾ? ಹಾಕಿಸೇ ಇರ್ತೀರ, ಶೋರೂಮಿಂದ ಹೊರಗೆ ಬಂದ ತಕ್ಷಣ ನಾವೆಲ್ಲ ಮಾಡೋ ಮೊದಲ ಕೆಲಸ ಅದು. ಆ ದಪ್ಪ ಕವರ್ ಒಳಗೆ ಸ್ಪಾಂಜ್ ಇರುತ್ತೆ, ಕೂರೋ ಕಡೆ ಅರ್ಧ ಇಂಚು, ಬೆನ್ನಿನ ಕಡೆ ಅರ್ಧ ಇಂಚು ಅಲ್ಲೇ ಹೋಯ್ತು. ತೆಗೆದು ಒಂದು ವಾರ ಓಡಿಸಿ ನೋಡಿ. ಜೊತೆಗೆ ಕಾಲಡಿಗೆ ಹಾಸೋ ದಪ್ಪನೆ ಸೆವೆನ್ ಡಿ ಮ್ಯಾಟ್ ಇದ್ರೆ ಅದನ್ನೂ ತೆಗೀರಿ, ಹಿಮ್ಮಡಿ ಎಷ್ಟು ಮೇಲೆ ಕೂತಿರುತ್ತೋ ಮಂಡಿನೂ ಅಷ್ಟೇ ಮೇಲಕ್ಕೆ ಬಂದಿರುತ್ತೆ. ಆಮೇಲೆ ಟಾರ್ಚ್ ಹಾಕಿ ಸೀಟಿನ ಕೆಳಗೆ ಬಗ್ಗಿ ನೋಡಿ, ಸೀಟು ಅದರ ರೈಲಿನ (ಸೀಟು ಜಾರೋ ಕಬ್ಬಿಣದ ಹಳಿ) ಮೇಲೆ ನಿಜವಾಗ್ಲೂ ಕೊನೇವರೆಗೂ ಹೋಗ್ತಿದ್ಯಾ ಅಂತ. ನಗಬೇಡಿ, ನೀರಿನ ಬಾಟಲು, ಚಿಲ್ಲರೆ ಕಾಸು, ಹಿಂದಿನ ಮ್ಯಾಟ್ ಮಡಚಿಕೊಂಡು ಅಡ್ಡ ಬಂದಿರೋದು, ಇದನ್ನೆಲ್ಲ ತೆಗೆದು ಒಂದು ಇಂಚು ಹುಡುಕಿ ಕೊಟ್ಟಿದ್ದೀನಿ ನಾನು.

ಈಗ ಸೀಟ್ ಹೊಂದಿಸೋ ಕ್ರಮ. ಮೊದಲು ಹೈಟ್ ಲಿವರಲ್ಲಿ ಸೀಟನ್ನ ಪೂರ್ತಿ ಇಳಿಸಿ. ತುಂಬ ಕಾರುಗಳಲ್ಲಿ ಸೀಟು ಮೇಲೆ ಹೋಗ್ತಾ ಸ್ವಲ್ಪ ಮುಂದಕ್ಕೆ, ಇಳಿಯುತ್ತಾ ಸ್ವಲ್ಪ ಹಿಂದಕ್ಕೆ ಬರುತ್ತೆ, ಇಳಿಸಿದ್ರೆ ತಲೆಗೂ ಲಾಭ ಮಂಡಿಗೂ ಲಾಭ. ಆಮೇಲೆ ಕ್ಲಚ್ ಪೂರ್ತಿ ಒತ್ತಿ, ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರೋ ಹಾಗೆ ಸೀಟನ್ನ ರೈಲಿನ ಮೇಲೆ ನಿಲ್ಲಿಸಿ. ಆಮೇಲೆ ಬೆನ್ನು, ಇಲ್ಲೇ ಎಲ್ರೂ ತಪ್ಪು ಮಾಡೋದು: ತಲೆ ತಾಗುತ್ತೆ ಅಂತ ಆರಾಮ್ ಕುರ್ಚಿ ತರ ಮಲಗಿಸಿಬಿಡ್ತಾರೆ, ಆಗ ಕೈ ಇನ್ನೂ ದೂರ ಹೋಗುತ್ತೆ. ಭುಜ ಎರಡೂ ಸೀಟಿಗೆ ಅಂಟಿರೋವಾಗ ಕೈ ನೀಡಿ ಮಣಿಕಟ್ಟನ್ನ ಸ್ಟೀರಿಂಗಿನ ನೆತ್ತಿ ಮೇಲೆ ಇಟ್ಟು ನೋಡಿ, ಮಣಿಕಟ್ಟು ಕೂತ್ರೆ ಸರಿ, ಬೆರಳ ತುದಿ ಮಾತ್ರ ಎಟುಕ್ತಿದೆ ಅಂದ್ರೆ ಬೆನ್ನು ಒಂದೆರಡು ಕ್ಲಿಕ್ ನೆಟ್ಟಗೆ ಮಾಡಲೇಬೇಕು. ಕೊನೇಗೆ ಸ್ಟೀರಿಂಗ್ ಮೇಲಕ್ಕೆತ್ತಿ. ಮೀಟರ್ ಸ್ವಲ್ಪ ಮರೆಯಾಗಬಹುದು, ಸ್ಪೀಡೋಮೀಟರ್ ಕಂಡ್ರೆ ಸಾಕು, ಮಂಡಿಗೆ ಜಾಗ ಮುಖ್ಯ.

ಇಷ್ಟಾದ್ಮೇಲೂ ತಲೆ ತಾಗಿದ್ರೆ ಕುಶನ್ ಅಂಗಡಿ. ಬೆಂಗಳೂರಿಗೆ ಬರ್ತೀರಲ್ಲ, ಜೆಸಿ ರೋಡಲ್ಲಿ ಸಾಲು ಸಾಲಾಗಿವೆ. ಅಲ್ಲಿ ಹೋಗಿ ಸುಮ್ನೆ ಸ್ಪಾಂಜ್ ಕಮ್ಮಿ ಮಾಡಿ ಅಂದ್ರೆ ಮೇಲಿಂದ ಚಪ್ಪಟೆ ಕುಯ್ದು ಕೊಡ್ತಾರೆ, ಅದು ಬೇಡ. ಕವರ್ ಬಿಚ್ಚಿಸಿ, ಫೋಮನ್ನ ಕೆಳಗಡೆಯಿಂದ, ನೀವು ಕೂರೋ ಹಿಂಭಾಗದಲ್ಲಿ ಮಾತ್ರ, ಒಂದು ಇಂಚು ತೆಗೆಸಿ, ಅದಕ್ಕಿಂತ ಜಾಸ್ತಿ ತೆಗೆದ್ರೆ ಕೆಳಗಿನ ಕಬ್ಬಿಣ ಚುಚ್ಚುತ್ತೆ. ಮುಂದಿನ ಏರಿದ ಭಾಗ ಮುಟ್ಟಕೂಡದು, ಅದು ಸೌಖ್ಯಕ್ಕೆ ಇಟ್ಟಿರೋದಲ್ಲ, ಎದುರಿಂದ ಗುದ್ದಿದಾಗ ಮನುಷ್ಯ ಬೆಲ್ಟಿನ ಕೆಳಗೆ ಜಾರಿ ಹೊಟ್ಟೆಗೆ ಬೆಲ್ಟ್ ಕುಯ್ಯದೇ ಇರಲಿ ಅಂತ ಇರೋ ತಡೆ. ಬೆನ್ನಿನ ಭಾಗನೂ ಮುಟ್ಟಿಸಬೇಡಿ, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಅಂತ ಚೀಟಿ ಇದ್ರಂತೂ ಬೇಡವೇ ಬೇಡ, ಅಲ್ಲಿ ಬ್ಯಾಗ್ ಹರ್ಕೊಂಡು ಹೊರಗೆ ಬರೋ ಹಾಗೆ ಹೊಲಿಗೆ ಇರುತ್ತೆ, ಬೇರೆ ದಾರ ಹಾಕಿ ಗಟ್ಟಿ ಹೊಲಿದ್ರೆ ಕಥೆ ಮುಗೀತು. ದಪ್ಪ ಸೀಟ್ ಕವರ್ ಬೇಡ ಅನ್ನೋಕೂ ಇದು ಇನ್ನೊಂದು ಕಾರಣ.

ತೊಡೆ ವಿಷ್ಯ. ನಿಮ್ಮ ಉದ್ದಕ್ಕೆ ಸೀಟಿನ ಅಂಚಿಗೂ ಮಂಡಿ ಹಿಂಭಾಗಕ್ಕೂ ಮಧ್ಯೆ ಒಂದು ಗೇಣು ಖಾಲಿ ಇರುತ್ತೆ, ತೊಡೆ ಗಾಳೀಲಿ ತೂಗಾಡ್ತಾ ಎಲ್ಲ ಭಾರ ಸೊಂಟಕ್ಕೆ ಬೀಳುತ್ತೆ. ಮುಂದಿನ ಬೋಲ್ಟ್ ಕೆಳಗೆ ವಾಷರ್ ಹಾಕಿ ಸೀಟಿನ ಮೂತಿ ಎತ್ತಿ ಅಂತ ಹೇಳೋರು ಸಿಗ್ತಾರೆ, ಕಾಲು ಉದ್ದ ಇರೋರು ಅದನ್ನ ಮಾಡಿದ್ರೆ ಮಂಡಿ ಇನ್ನೂ ಮೇಲೆ ಬಂದು ಸ್ಟೀರಿಂಗಿಗೆ ಗುದ್ದುತ್ತೆ. ಎತ್ತೋದು ಬೇಡ, ಉದ್ದ ಮಾಡಿ. ಅದೇ ಕುಶನ್ ಅಂಗಡೀಲಿ ಅಂಚಿಗೆ ಎರಡು ಇಂಚಿನ ಗಟ್ಟಿ ಫೋಮ್ ಪ್ಯಾಡ್ ಮಾಡಿಸಿ, ಸೀಟಿನ ಅಡಿಯಿಂದ ಬೆಲ್ಟ್ ತಂದು ಬಕಲ್ ಹಾಕೋ ತರ. ಸುಮ್ನೆ ಇಟ್ಕೊಳ್ಳೋ ದಿಂಬು ಮಾತ್ರ ಬೇಡ, ಜಾರಿ ಬ್ರೇಕ್ ಪೆಡಲ್ ಕೆಳಗೆ ಹೋದ್ರೆ ಸೊಂಟ ನೋವೇ ಎಷ್ಟೋ ವಾಸಿ ಅನ್ಸುತ್ತೆ.

ಈಗ ನಿಮ್ಮ ವೆಲ್ಡಿಂಗ್ ಶಾಪ್‌ನವರ ಪಟ್ಟಿ. ಬೇಡ ಅಂತಲೇ ನನ್ನ ಮಾತು, ಯಾಕೆ ಅಂತ ಬಿಡಿಸಿ ಹೇಳ್ತೀನಿ. ಕಾರಿನ ನೆಲದ ತಗಡು ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ದಪ್ಪ ಕೂಡ ಇರಲ್ಲ, ಸೀಟ್ ನಿಂತಿರೋದು ಅದರ ಮೇಲೆ ಅಡ್ಡಕ್ಕೆ ವೆಲ್ಡ್ ಮಾಡಿರೋ ಬೀಮಿನ ಮೇಲೆ. ಬೆಲ್ಟ್ ಚುಚ್ಚೋ ಬಕಲ್ ನೋಡಿ, ಅದು ಸೀಟಿಗೇ ಬೋಲ್ಟ್ ಆಗಿದ್ರೆ, ತುಂಬ ಕಾರಲ್ಲಿ ಹಾಗೇ ಇರುತ್ತೆ, ಗುದ್ದಿದಾಗ ನಿಮ್ಮ ಭಾರ ಎಳೆಯೋದು ಆ ನಾಲ್ಕು ಸೀಟ್ ಬೋಲ್ಟನ್ನೇ. ವಿಶ್ವಸಂಸ್ಥೆಯ ವಾಹನ ನಿಯಮ 14ರ ಪ್ರಕಾರ ಬೆಲ್ಟ್ ಕಟ್ಟೋ ಜಾಗಗಳನ್ನ ಟೆಸ್ಟ್ ಮಾಡುವಾಗ ಭುಜದ ಬೆಲ್ಟಿಗೆ 13,500 ನ್ಯೂಟನ್, ಸೊಂಟದ ಬೆಲ್ಟಿಗೆ ಇನ್ನೊಂದು 13,500 ನ್ಯೂಟನ್ ಒಟ್ಟಿಗೆ ಹಾಕಿ ಎಳೀತಾರೆ, ಒಂದೊಂದೂ ಹತ್ತಿರ ಹತ್ತಿರ 1,400 ಕೆಜಿ ತೂಗಿದ ಹಾಗೆ. ಪಟ್ಟಿ ಹಾಕಿದ್ರೆ ಅಷ್ಟೂ ಎಳೆತ ನೇರ ಬೋಲ್ಟಿಗೆ ಹೋಗದೆ ಹಾರೆ ಹಾಕಿ ಮೀಟಿದ ಹಾಗೆ ಬೀಳುತ್ತೆ, ಗುಜರಿ ಅಂಗಡಿ ಪಟ್ಟಿ ತಡೆಯುತ್ತೆ ಅಂತೀರಾ? ಹಿಂದೊಮ್ಮೆ ಒಬ್ರು ಹೀಗೇ ಮಾಡಿಸ್ಕೊಂಡು ಸೀಟು ಕಿರ್ ಕಿರ್ ಅನ್ನುತ್ತೆ ಎಣ್ಣೆ ಬಿಡಿ ಅಂತ ಬಂದ್ರು, ಕೈಯಲ್ಲಿ ಅಲ್ಲಾಡಿಸಿದ್ರೆ ಹಿಂದಿನ ಬೋಲ್ಟ್ ಬೆರಳಲ್ಲೇ ತಿರುಗ್ತಿತ್ತು, ಬೋಲ್ಟಿನ ತಲೆ ಮೇಲೆ 8.8, 10.9 ಅಂತ ಅದರ ಬಲ ತೋರಿಸೋ ಯಾವ ಗ್ರೇಡ್ ನಂಬರೂ ಇರಲಿಲ್ಲ.

ಬೋಲ್ಟ್ ಗಟ್ಟಿ ಇದ್ರೂ ಬೆಲ್ಟಿನ ತೊಂದರೆ ಉಳಿಯುತ್ತೆ. 3 ಇಂಚು ಹಿಂದಕ್ಕೆ ಹೋದ್ರೆ ನಿಮ್ಮ ಭುಜ ಎರಡು ಬಾಗಿಲ ಮಧ್ಯೆ ಇರೋ ಪಕ್ಕದ ಕಂಬದ ಹಿಂದೆ ಹೋಗುತ್ತೆ, ಬೆಲ್ಟ್ ಭುಜಕ್ಕೆ ಅಂಟದೆ ಮುಂದೆ ಜೋತಾಡುತ್ತೆ, ಬಲಗಡೆ ತಿರುಗಿ ನೋಡಿದ್ರೆ ರಸ್ತೆ ಬದಲು ಕಂಬ ಕಾಣ್ಸುತ್ತೆ. ಸೀಟಿನ ಕೆಳಗೆ ಹಳದಿ ವೈರ್ ಕನೆಕ್ಟರ್ ಇದ್ರೆ ಅದು ಏರ್‌ಬ್ಯಾಗ್ ಅಥವಾ ಬೆಲ್ಟ್ ಬಿಗಿಯೋ ಸಾಧನದ್ದು, ಅದರ ಪಕ್ಕ ವೆಲ್ಡಿಂಗ್ ಕಿಡಿ ಅನ್ನೋ ಯೋಚನೆಗೇ ನನಗೆ ಮೈ ಜುಂ ಅನ್ನುತ್ತೆ. ಕಾನೂನಿನ ಮಾತು ಚಿಕ್ಕದಾಗಿ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಸ್ಪೆಸಿಫಿಕೇಶನ್ ಬದಲಾಯಿಸೋದನ್ನ ತಡೆಯುತ್ತೆ, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸ್‌ನವರಿಗೆ ತಗಾದೆ ತೆಗೆಯೋಕೆ ಒಂದು ನೆಪ.

ಸ್ಟೀರಿಂಗನ್ನೇ ಹತ್ರ ತರಿಸೋಣ ಅಂತ ಯೋಚನೆ ಬಂದ್ರೆ, ಸ್ಟೀರಿಂಗಿಗೂ ಅದರ ಕಂಬಿಗೂ ಮಧ್ಯೆ ಸ್ಪೇಸರ್ ಅನ್ನೋ ದಪ್ಪ ಬಿಲ್ಲೆ ಕೂರಿಸಿ ಕೊಡೋರೂ ಇದ್ದಾರೆ. 2019ರ ಜುಲೈಯಿಂದ ತಯಾರಾಗಿರೋ ಕಾರಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ, ನಿಮ್ಮದೂ ಆಮೇಲಿನದ್ದು, ಆ ಬ್ಯಾಗಿನ ವೈರು ಸ್ಟೀರಿಂಗ್ ಹಿಂದೆ ಗಡಿಯಾರದ ಸ್ಪ್ರಿಂಗ್ ತರ ಸುತ್ಕೊಂಡಿರುತ್ತೆ, ಅದಕ್ಕೆ ಕೈ ಹಾಕಬೇಡಿ. ಹಿಂದೆ ಮುಂದೆ ಬರೋ ಟೆಲಿಸ್ಕೋಪಿಕ್ ಸ್ಟೀರಿಂಗ್ ಬೇಕಂದ್ರೆ ಮುಂದಿನ ಕಾರಲ್ಲೇ ನೋಡ್ಕೊಳ್ಳಿ. ಒಂದೇ ಮಾಡೆಲ್‌ನಲ್ಲಿ ಕೆಳಗಿನ ವೇರಿಯಂಟಿಗೆ ಇಲ್ದೆ ಮೇಲಿನದ್ದಕ್ಕೆ ಕೊಟ್ಟಿರ್ತಾರೆ, ಆದ್ರೆ ಅದೇ ಮೇಲಿನ ವೇರಿಯಂಟಿಗೆ ಸನ್‌ರೂಫ್ ಅಂಟಿಸಿ ತಲೆ ಮೇಲಿನ ಜಾಗ ಒಂದು ಇಂಚು ತಿಂದಿರ್ತಾರೆ, ಕೂತು ನೋಡದೆ ಬುಕ್ ಮಾಡಬೇಡಿ. ಕ್ಲಚ್ ಇಲ್ಲದ್ದು ತಗೊಂಡ್ರೆ ನಿಮ್ಮ ಎಡಮಂಡಿ ಹಾರೈಸುತ್ತೆ.

ಹೆಡ್‌ರೆಸ್ಟ್ ಮರೀಬೇಡಿ, ಕೊನೇ ಹಲ್ಲಿನವರೆಗೂ ಎತ್ತಿ, ಅದರ ತಲೆ ನಿಮ್ಮ ನೆತ್ತಿ ಮಟ್ಟಕ್ಕೆ ಬಂದ್ರೆ ಒಳ್ಳೇದು, ಬರಲಿಲ್ಲ ಅಂದ್ರೂ ಕಿವಿಗಿಂತ ಮೇಲಿರಲಿ. ಸಿಗ್ನಲ್ಲಲ್ಲಿ ಗೆರೆ ತನಕ ಹೋಗಿ ನಿಂತ್ರೆ ಮೇಲಿನ ದೀಪ ನಿಮಗೆ ಕಾಣಲ್ಲ, ಒಂದು ಬೈಕಿನಷ್ಟು ಹಿಂದೆ ನಿಲ್ಲಿಸಿ. ಆ ಸಂದಿಗೆ ಆಟೋದವರು ಬಂದೇ ಬರ್ತಾರೆ, ಬರಲಿ ಬಿಡಿ.

ನಿಮ್ಮ ಮನೆಯವರ ವಿಷ್ಯ. ಅವರು ಓಡಿಸುವಾಗ ಮುಂದಿನ ಫೋಮ್ ಪ್ಯಾಡ್ ಬಿಚ್ಚಿ ಡಿಕ್ಕಿಗೆ ಹಾಕ್ಬೇಕು, ಇಲ್ಲಾಂದ್ರೆ ಅವರ ಬೆನ್ನು ಸೀಟಿಗೆ ತಾಗೋದೇ ಇಲ್ಲ. ತೆಗೆದ ಒಂದಿಂಚು ಫೋಮಿಗೆ ಬದಲಾಗಿ ಅವರು ಹೈಟ್ ಲಿವರ್ ಎತ್ಕೊಳ್ತಾರೆ. ಅವರ ಎದೆಗೂ ಸ್ಟೀರಿಂಗ್ ಮಧ್ಯಕ್ಕೂ 25 ಸೆಂಟಿಮೀಟರ್ ಅಂತರ ಇರಲೇಬೇಕು, ಟೇಪ್ ಹಿಡಿದೇ ನೋಡಿ, ಕುಳ್ಳಗಿರೋರಿಗೆ ಏರ್‌ಬ್ಯಾಗ್ ಹತ್ರ ಆದ್ರೆ ಅದೇ ಅಪಾಯ. ನಿಮ್ಮಿಬ್ಬರ ಜಾಗನೂ ಗೊತ್ತಾದ ಮೇಲೆ ರೈಲಿನ ಪಕ್ಕ ಎರಡು ನೇಲ್ ಪಾಲಿಶ್ ಚುಕ್ಕೆ ಇಟ್ಬಿಡಿ, ಕೆಂಪು ಅವರದು, ಇನ್ನೊಂದು ಬಣ್ಣ ನಿಮ್ಮದು, ದಿನಾ ಬೆಳಿಗ್ಗೆ ಸೀಟ್ ಯಾರು ಎಳೆದದ್ದು ಅನ್ನೋ ಜಗಳ ಇರಲ್ಲ.